‘ದಿ ಫಾರೆವರ್ ವಾರ್’: ಭೂಮಿಗೆ ವಾಪಸ್ ಬರುವ ಭಾಗ ಬಿಟ್ಟು ಓದಬಹುದಾ?

ಓದುಗೂಬೆ:

ಜೋ ಹಾಲ್ಡ್‌ಮನ್ ಅವರ ‘ದಿ ಫಾರೆವರ್ ವಾರ್’ ಅರ್ಧ ಆಗಿದೆ. ಮಿಲಿಟರಿ ಸೈನ್ಸ್ ಫಿಕ್ಷನ್ ಅಂದರೆ ಎಲ್ಲರೂ ಇದರ ಹೆಸರೇ ಹೇಳ್ತಾರೆ. ಮೊದಲ ಭಾಗ ಕೆಳಗಿಡೋಕೆ ಆಗಲಿಲ್ಲ. ಕ್ಯಾರನ್‌ನಲ್ಲಿ ತರಬೇತಿ, ಟೌರನ್ ಅನ್ನೋ ಅನ್ಯಗ್ರಹದ ಶತ್ರುಗಳ ಮೇಲೆ ಮೊದಲ ದಾಳಿ, ಎಲ್ಲಾ ಚೆನ್ನಾಗಿತ್ತು. ಆಮೇಲೆ ಕತೆಯ ಸೈನಿಕ ಮಂಡೆಲ್ಲ, ಅವನ ಪ್ರೇಯಸಿ ಮೇರಿಗೇ ಭೂಮಿಗೆ ವಾಪಸ್ ಬರ್ತಾರಲ್ಲ, ಅಲ್ಲಿಂದ ಕತೆ ಕುಂಟುತ್ತಿದೆ. ಕೆಲಸ ಸಿಗುತ್ತಾ, ಊಟಕ್ಕೇನು, ಅಮ್ಮನಿಗೆ ಕಾಯಿಲೆ... ಯುದ್ಧ ಎಲ್ಲಿ ಹೋಯ್ತು? ಇನ್ನೊಂದು ವಿಚಿತ್ರ ಅಂದರೆ ಗೆಳತಿಯ ಮನೆಯ ಹಳೇ ಪ್ರತಿಯಲ್ಲಿ ಈ ಭಾಗ ಬೇರೆಯೇ ಥರ ಇದೆ.

ಇದನ್ನು ಹಾರಿಸಿ ಮುಂದಕ್ಕೆ ಹೋದರೆ ನಷ್ಟ ಉಂಟಾ? ಇದು ಹೈನ್‌ಲೈನ್ ಅವರ ‘ಸ್ಟಾರ್‌ಶಿಪ್ ಟ್ರೂಪರ್ಸ್’ಗೆ ಕೊಟ್ಟ ಉತ್ತರ ಅಂತಾರೆ. ಅದನ್ನು ಮೊದಲು ಓದಬೇಕಾ? ಕೊನೆ ಏನು ಅಂತ ಯಾರೋ ಆಗಲೇ ಹೇಳಿಬಿಟ್ಟಿದ್ದಾರೆ, ಹಾಗಾಗಿ ಸ್ಪಾಯ್ಲರ್ ಪರವಾಗಿಲ್ಲ.

ಅಟ್ಟದ ಪುಸ್ತಕ:

ಎರಡು ಪ್ರತಿಯೂ ಅಸಲಿಯೇ. ಈ ಕತೆ ಮೊದಲು ‘ಅನಲಾಗ್’ ಪತ್ರಿಕೆಯಲ್ಲಿ ಬಿಡಿ ಭಾಗಗಳಾಗಿ ಬಂತು. ಮಧ್ಯದ ಭಾಗ ತೀರಾ ಕತ್ತಲೆಯಾಗಿದೆ ಅಂತ ಸಂಪಾದಕ ಬೆನ್ ಬೋವಾ ಒಪ್ಪಲಿಲ್ಲ. ಹಾಲ್ಡ್‌ಮನ್ ಅದರ ಜಾಗಕ್ಕೆ ಸ್ವಲ್ಪ ಮೆತ್ತಗಿನದು ಬರೆದುಕೊಟ್ಟರು. ಪುಸ್ತಕವಾಗಿ ಬಂದಾಗಲೂ ಅದೇ ಉಳಿಯಿತು. ಮೂಲ ಭಾಗದ ಹೆಸರು ‘ಯೂ ಕ್ಯಾನ್ ನೆವರ್ ಗೋ ಬ್ಯಾಕ್’. 1990ರ ದಶಕದ ಮುದ್ರಣಗಳಲ್ಲಿ ಅದು ತನ್ನ ಜಾಗಕ್ಕೆ ಮರಳಿತು. ನಿಮ್ಮ ಕೈಲಿರುವುದು ಅದು, ಗೆಳತಿಯದು ಹಳೆಯದು.

ಅಂದಹಾಗೆ, 18 ಪ್ರಕಾಶಕರು ಬೇಡ ಅಂದ ಪುಸ್ತಕ ಇದು. ಆಮೇಲೆ ಸೈನ್ಸ್ ಫಿಕ್ಷನ್‌ನ ದೊಡ್ಡ ಪ್ರಶಸ್ತಿಗಳಾದ ಹ್ಯೂಗೊ, ನೆಬ್ಯುಲಾ ಎರಡೂ ಬಂದವು.

ಹಳೇ ಸ್ಯಾಪರ್:

ಬೇಕಾದರೆ ಒಂದು ಯುದ್ಧ ಬಿಡಿ, ರಜೆ ಮಾತ್ರ ಬಿಡಬೇಡಿ.

ನಾನು ಮದ್ರಾಸ್ ಸ್ಯಾಪರ್ಸ್‌ನಲ್ಲಿ, ಅಂದರೆ ಸೇನೆಯ ಎಂಜಿನಿಯರ್ ದಳದಲ್ಲಿ ಇದ್ದವನು, ಈಗ ರಿಟೈರ್ಡ್. ಹಲಸೂರು ಕೆರೆ ಪಕ್ಕ ತರಬೇತಿ, ಆಮೇಲೆ ಕಳಿಸಿದ ಕಡೆಗೆಲ್ಲಾ. ಕಾದಂಬರಿ ಓದುವ ಅಭ್ಯಾಸ ಕಮ್ಮಿ. ಮಗಳು ಈ ಪುಸ್ತಕ ಕೈಗಿಟ್ಟು, ‘ಅಪ್ಪಾ, ಇದನ್ನು ಬರೆದವರೂ ನಿಮ್ಮ ಕೆಲಸದವರೇ’ ಅಂದಳು. ಹೌದು, ಹಾಲ್ಡ್‌ಮನ್ 1967ರಲ್ಲಿ ಭೌತಶಾಸ್ತ್ರ, ಖಗೋಳಶಾಸ್ತ್ರದಲ್ಲಿ ಡಿಗ್ರಿ ಮುಗಿಸಿದರು. ಅದೇ ವರ್ಷ ಕಡ್ಡಾಯ ಭರ್ತಿಯ ಚೀಟಿ ಬಂತು. ವಿಯೆಟ್ನಾಂನಲ್ಲಿ ಕಾಂಬ್ಯಾಟ್ ಎಂಜಿನಿಯರ್ ಆಗಿದ್ದರು, ಗಾಯಗೊಂಡರು, ಪರ್ಪಲ್ ಹಾರ್ಟ್ ಪದಕ ಬಂತು.

ನಮ್ಮವನೇ ಬರೆದದ್ದು ಅಂತ ನನಗೆ ಕ್ಯಾರನ್ ಭಾಗದಲ್ಲೇ ಗೊತ್ತಾಯಿತು. (ಪ್ಲೂಟೊದ ಚಂದ್ರನಲ್ಲ ಇದು. ಆ ಚಂದ್ರ ಕಣ್ಣಿಗೆ ಬಿದ್ದದ್ದೇ 1978ರಲ್ಲಿ. ಕಾದಂಬರಿಯಲ್ಲಿ ಇದು ಪ್ಲೂಟೊ ಆಚೆಗಿನ ಒಂದು ಕಲ್ಪನೆಯ ಗ್ರಹ.) ಅಲ್ಲಿ ಗುಂಡು ಹೊಡೆಯುವುದಕ್ಕಿಂತ ಬಂಕರ್ ಕಟ್ಟುವುದೇ ಜಾಸ್ತಿ. ಸೂಟಿನ ಬೆನ್ನಲ್ಲಿ ಬಿಸಿ ಹೊರಹಾಕುವ ರೆಕ್ಕೆಗಳಿರುತ್ತವೆ. ಜಾರಿ ಹಿಂದಕ್ಕೆ ಬಿದ್ದರೆ ಆ ಬಿಸಿಗೆ ಹೆಪ್ಪುಗಟ್ಟಿದ ಅನಿಲ ಸಿಡಿಯುತ್ತದೆ, ಅಲ್ಲಿಗೆ ಕತೆ ಮುಗಿಯಿತು. ಶತ್ರುವಿನ ಮುಖ ನೋಡುವ ಮೊದಲೇ ಜನ ಸಾಯುತ್ತಾರೆ. ಲಡಾಖ್‌ನ ಚಳಿಗಾಲದಲ್ಲಿ ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡಲು ಎಂಜಿನ್ ಕೆಳಗೆ ಬೆಂಕಿ ಇಟ್ಟವನಿಗೆ ಇದೆಲ್ಲಾ ಕಲ್ಪನೆ ಅನಿಸಲ್ಲ. ಬರಿಗೈಯಲ್ಲಿ ಸ್ಪ್ಯಾನರ್ ಹಿಡಿದರೆ ಚರ್ಮ ಅದಕ್ಕೇ ಅಂಟಿಕೊಳ್ಳುತ್ತದೆ. ಅಲ್ಲಿ ಎಚ್ಚರ ತಪ್ಪಿದರೆ ಕೊಲ್ಲುವುದು ಜಾಗವೇ.

ಇನ್ನು ನಿಮಗೆ ಬೋರಾದ ಭಾಗ. ಮಂಡೆಲ್ಲ ಹೊರಟದ್ದು 1997ರಲ್ಲಿ. ಅವನ ಮೈಗೆ ಕಳೆದದ್ದು ಒಂದೆರಡು ವರ್ಷ. ಬೆಳಕಿನ ವೇಗದ ಹತ್ತಿರ ಓಡಿದರೆ ಹೊತ್ತು ನಿಧಾನವಾಗುತ್ತದಲ್ಲ, ಹಾಗೆ ಓಡಾಡಿ ಬಂದು ನೋಡಿದರೆ ಭೂಮಿಯಲ್ಲಿ 2024. (ಆ 2024 ನಾವೂ ನೋಡಿ ಮುಗಿಸಿದೆವು ಬಿಡಿ.) ದುಡ್ಡಿನ ಲೆಕ್ಕ ಕ್ಯಾಲರಿಯಲ್ಲಿ. ಬಾಕಿ ಸಂಬಳ ಬಡ್ಡಿ ಸಮೇತ ರಾಶಿ ಬಿದ್ದಿದೆ, ಆದರೆ ಅಮ್ಮನಿಗೆ ಚಿಕಿತ್ಸೆ ಸಿಗಲ್ಲ. ವಯಸ್ಸಾದವಳು ಅಂತ ಸರ್ಕಾರ ಅವಳ ಸರದಿಗೆ ಸೊನ್ನೆ ಹಾಕಿದೆ. ಕೈತುಂಬಾ ಕಾಸಿರುವ ಮಗ ಪಕ್ಕದಲ್ಲೇ ಕೂತಿದ್ದಾನೆ, ಡಾಕ್ಟರ್ ಬರಲ್ಲ. ಮೇರಿಗೇಯ ಅಪ್ಪ ಅಮ್ಮ ಹೊಲದ ಮನೆಯಲ್ಲಿ ದರೋಡೆಕೋರರ ಕೈಲಿ ಸಾಯುತ್ತಾರೆ. ಇದು ನಿಮಗೆ ಕುಂಟುತ್ತಿದೆ ಅನಿಸಿತಾ?

ನಾನೊಮ್ಮೆ ರಜೆಗೆ ಬಂದಾಗ ಮನೆ ಮುಟ್ಟುವಷ್ಟರಲ್ಲಿ ರಾತ್ರಿಯಾಗಿತ್ತು. ಒಳಗೆ ಹೋಗಿ ಲೈಟ್ ಹಾಕೋಣ ಅಂತ ಕೈ ಚಾಚಿದರೆ ಸ್ವಿಚ್ ಇರಬೇಕಾದ ಕಡೆ ಗೋಡೆಯೇ ಇಲ್ಲ. ನಡುವಿನ ಗೋಡೆ ಒಡೆದು ಹಾಲ್ ದೊಡ್ಡದು ಮಾಡಿಸಿದ್ದರು. ಕಾಗದದಲ್ಲಿ ಬರೆಯುವಷ್ಟು ದೊಡ್ಡ ವಿಷಯ ಅಂತ ಯಾರಿಗೂ ಅನಿಸಿರಲಿಲ್ಲ. ಮಾರನೇ ದಿನ ಕಾಫಿ ಕುಡಿಯುತ್ತಾ ಕೂತರೆ ಯಾರು ತೀರಿಕೊಂಡರು, ಯಾರ ಮದುವೆ ಆಯಿತು, ಯಾರ ಜೊತೆ ಮಾತು ಬಿಟ್ಟಿದ್ದೇವೆ, ಎಲ್ಲಾ ಒಂದೇ ಸಂಜೆ ಕೇಳಬೇಕು. ಅವರು ಅತ್ತು ಮುಗಿಸಿ ಎಷ್ಟೋ ತಿಂಗಳಾಗಿರುತ್ತದೆ. ನಾನು ಆಗ ಶುರು ಮಾಡಿದರೆ ಎಲ್ಲರಿಗೂ ಮುಜುಗರ. ಹಾಲ್ಡ್‌ಮನ್ ಇಷ್ಟನ್ನೇ ಹಿಡಿದು ಜಗ್ಗಿ ಸಾವಿರ ವರ್ಷ ಮಾಡಿದ್ದಾರೆ. ಮಿಕ್ಕ ಲೇಸರ್, ಕೊಲ್ಯಾಪ್ಸರ್ (ನೌಕೆಗಳು ದೂರಕ್ಕೆ ಜಂಪ್ ಮಾಡಲು ಬಳಸುವ ಕುಸಿದ ನಕ್ಷತ್ರ) ಎಲ್ಲಾ ಅದಕ್ಕೆ ಕಟ್ಟಿದ ಸಾರವೆ.

ಈ ಭಾಗ ಓದದಿದ್ದರೆ ಅವನು ಮತ್ತೆ ಸೇನೆಗೆ ಯಾಕೆ ಸೇರುತ್ತಾನೆ ಅಂತಲೇ ಗೊತ್ತಾಗಲ್ಲ. ದೇಶಪ್ರೇಮ ಅಲ್ಲ, ಹೋಗೋಕೆ ಬೇರೆ ಜಾಗ ಇಲ್ಲ. ಚಂದ್ರನ ಮೇಲೆ ತರಬೇತುದಾರರ ಕೆಲಸ ಕೊಡ್ತೀವಿ ಅಂತ ಮಾತು ಕೊಟ್ಟು ಇಬ್ಬರನ್ನೂ ಸೇರಿಸಿಕೊಳ್ಳುತ್ತಾರೆ. ಮಾತಿನಂತೆ ಆರ್ಡರ್ ಬರುತ್ತದೆ. ಅದರ ಹಿಂದೆಯೇ ಯುದ್ಧಕ್ಕೆ ಹೊರಡಿ ಅಂತ ಇನ್ನೊಂದು ಆರ್ಡರ್. ಮಾತೂ ತಪ್ಪಲಿಲ್ಲ, ಕೆಲಸವೂ ಆಯಿತು! ಯೂನಿಫಾರ್ಮ್ ಹಾಕಿದ ಯಾರನ್ನಾದರೂ ಕೇಳಿ, ಈ ಪುಟಕ್ಕೆ ನಕ್ಕೇ ನಗುತ್ತಾರೆ.

ಹೈನ್‌ಲೈನ್ ಮೊದಲು ಓದಲೇಬೇಕು ಅಂತೇನಿಲ್ಲ. 1959ರ ಆ ಪುಸ್ತಕ ಪಾಸಿಂಗ್ ಔಟ್ ಪರೇಡ್ ದಿನದ ಭಾಷಣ ಇದ್ದ ಹಾಗೆ. ಕೇಳುವಾಗ ಎದೆ ಉಬ್ಬುತ್ತದೆ. ಅಲ್ಲಿ ಎಲ್ಲರೂ ತಾವಾಗೇ ಬಂದವರು, ಸೇವೆ ಮುಗಿಸಿದವರಿಗೆ ಮಾತ್ರ ಮತದಾನದ ಹಕ್ಕು. ಇಲ್ಲಿ 150ಕ್ಕಿಂತ ಜಾಸ್ತಿ ಐಕ್ಯೂ ಇರುವವರನ್ನೇ ಆರಿಸಿ ಎಳೆದೊಯ್ಯುತ್ತಾರೆ. ವಿಯೆಟ್ನಾಂ ಕಾಲದಲ್ಲಿ ಅಮೆರಿಕದಲ್ಲಿ ಕಾಲೇಜಲ್ಲಿ ಓದುವವರು ಭರ್ತಿ ಮುಂದೂಡಿಸಿಕೊಳ್ಳಬಹುದಿತ್ತು, ಅದನ್ನು ಪೂರ್ತಿ ತಿರುವಿ ಹಾಕಿದ್ದಾರೆ. ಬೇಕಂತಲೇ ಮಾಡಿದ್ದು ಅಂತ ನನ್ನ ಅನುಮಾನ.

ನೀಲಿ ಶಾಯಿ:

ಸರ್, ನೀವು ಹೇಳಿದ್ದು ಓದಿ ಮತ್ತೆ ಪುಸ್ತಕ ತೆಗೀಬೇಕು ಅನಿಸ್ತು. ಆದರೆ ಒಂದು ತಕರಾರು. ಮೊದಲ ಭಾಗದಲ್ಲಿ ಹೆಂಗಸರೂ ಗಂಡಸರೂ ಸಮ ಸಮ ಸೈನಿಕರು, ಸರಿ. ಆದರೆ ಯಾರು ಯಾರ ಜೊತೆ ಮಲಗಬೇಕು ಅನ್ನುವುದಕ್ಕೂ ಪಟ್ಟಿ, ಬೇಡ ಅನ್ನೋ ಹಾಗಿಲ್ಲ. ಲೇಖಕರು ಅದನ್ನು ತಮಾಷೆ ಥರ ದಾಟಿಸಿಬಿಡ್ತಾರೆ. ಆಮೇಲೆ ಜನಸಂಖ್ಯೆ ತಡೆಯೋಕೆ ಸರ್ಕಾರವೇ ಸಲಿಂಗ ಸಂಬಂಧಕ್ಕೆ ಉತ್ತೇಜನ ಕೊಡುತ್ತೆ ಅನ್ನೋದು ಬೇರೆ. ಯಾರು ಯಾರನ್ನು ಇಷ್ಟಪಡಬೇಕು ಅನ್ನೋದು ಸರ್ಕಾರಿ ಸ್ಕೀಮಾ? ಇವತ್ತು ಓದೋಕೆ ಕಷ್ಟ.

ಹಳೇ ಸ್ಯಾಪರ್:

ಪಟ್ಟಿಯ ವಿಷಯದಲ್ಲಿ ನಾನು ವಾದ ಮಾಡಲ್ಲಮ್ಮ. ಆ ಪುಟಗಳು ಕೆಟ್ಟದಾಗೇ ಇವೆ. ಎರಡನೆಯದಕ್ಕೆ ಮಾತ್ರ ಕೊನೆಯ ಭಾಗ ನೋಡಿ. ಅಷ್ಟು ಹೊತ್ತಿಗೆ ಮಂಡೆಲ್ಲ ಮೇಜರ್. ಅವನ ಕೈಕೆಳಗಿನವರೆಲ್ಲಾ ಮುಂದಿನ ಶತಮಾನಗಳಲ್ಲಿ ಹುಟ್ಟಿದವರು, ಎಲ್ಲರೂ ಸಲಿಂಗಿಗಳು. ಹೆಣ್ಣನ್ನು ಇಷ್ಟಪಡುವ ಗಂಡಸು ಇವನೊಬ್ಬನೇ. ಅವರ ಕಣ್ಣಿಗೆ ವಿಚಿತ್ರ ಪ್ರಾಣಿ. ಹಿಂದಿನಿಂದ ಆಡಿಕೊಂಡು ಅಡ್ಡಹೆಸರು ಇಟ್ಟಿರುತ್ತಾರೆ. ಇಂಥ ಅಡ್ಡಹೆಸರು ಬ್ಯಾರಕ್ಕಿನಲ್ಲಿ ಯಾರಿಗೆ ಇಡುತ್ತಿದ್ದರು ಅಂತ ನನಗೆ ಗೊತ್ತು. ಅದನ್ನು ಇವನೇ ತಿನ್ನುವ ಹಾಗೆ ಮಾಡಿದ್ದು ನನಗೆ ಸರಿ ಅನಿಸಿತು.

ಯುದ್ಧ ಬೇಕು ಅಂದಿದ್ದೀರಲ್ಲ ಓದುಗೂಬೆ, ಸೇಡ್-138 ಅನ್ನೋ ಜಾಗದ ಕಾಳಗ ಬರಲಿ ತಡೀರಿ. ಅಲ್ಲಿ ಸ್ಟ್ಯಾಸಿಸ್ ಫೀಲ್ಡ್ ಅಂತ ಒಂದು ಗುಮ್ಮಟ. ಅದರೊಳಗೆ ಯಾವುದೂ ಸೆಕೆಂಡಿಗೆ 16.3 ಮೀಟರ್‌ಗಿಂತ ಜೋರಾಗಿ ಓಡಲಾರದು. ಗುಂಡಿಲ್ಲ, ಲೇಸರ್ ಇಲ್ಲ, ರೇಡಿಯೊ ಇಲ್ಲ. ಸಾವಿರ ವರ್ಷದ ತಂತ್ರಜ್ಞಾನ ಇಟ್ಟುಕೊಂಡು ಬಿಲ್ಲು ಬಾಣ, ಕತ್ತಿ ಹಿಡಿದು ಬಡಿದಾಡುತ್ತಾರೆ.

ಲೆಕ್ಕದ ಮೇಷ್ಟ್ರು:

ಸ್ಪಾಯ್ಲರ್ ಪರವಾಗಿಲ್ಲ ಅಂದಿರಲ್ಲ, ಅದಕ್ಕೆ ಕೊನೆಯ ಚೀಟಿಯ ಲೆಕ್ಕ ಹಾಕಿದೆ. ಮೇರಿಗೇ 2878ರಲ್ಲಿ ಮಂಡೆಲ್ಲನಿಗೆ ಬರೆದಿಟ್ಟು ಹೋಗ್ತಾಳೆ: ನೌಕೆ ಕೊಂಡುಕೊಂಡಿದ್ದೇವೆ, ಸುಮ್ನೆ ಹೋಗಿ ಬಂದು ಮಾಡ್ತಾ ಕಾಯ್ತೀನಿ, ಹೊರಗೆ ಹತ್ತು ವರ್ಷ ಕಳೆದರೆ ನನಗೆ ಒಂದು ತಿಂಗಳು ವಯಸ್ಸಾಗುತ್ತೆ ಅಂತ. 120ಕ್ಕೆ 1ರ ಲೆಕ್ಕ. ಅದಕ್ಕೆ ಬೆಳಕಿನ ವೇಗದ 99.99 ಶೇಕಡಾಕ್ಕಿಂತ ಸ್ವಲ್ಪ ಮೇಲೆ ಹೋಗಬೇಕು. ಅವನು ಬರುವುದು 32ನೇ ಶತಮಾನದಲ್ಲಿ. ಸುಮಾರು 260 ವರ್ಷ ಅಂತಿಟ್ಟುಕೊಂಡರೆ ಅವಳು ಕಾದದ್ದು ಎರಡು ವರ್ಷ ಚಿಲ್ಲರೆ. ನೀನು ಬರೋ ಹೊತ್ತಿಗೆ ನನಗೆ 28 ಅಂತಾಳೆ. ಸರಿ ಹೋಗುತ್ತೆ. ಲೇಖಕರು ಭೌತಶಾಸ್ತ್ರ ಓದಿದ್ದು ದಂಡ ಆಗಿಲ್ಲ.

ಓದುಗೂಬೆ:

ಸರ್, ಇವತ್ತು ರಾತ್ರಿ ರಜೆಯ ಭಾಗವನ್ನೇ ಮೊದಲಿಂದ ಓದ್ತೀನಿ. ಒಂದು ಡೌಟು: ಸಾವಿರ ವರ್ಷದ ಬಾಕಿ ಸಂಬಳ ನಿಜಕ್ಕೂ ಕೊಡ್ತಾರಾ?

ಹಳೇ ಸ್ಯಾಪರ್:

ಅವರದು ಪುಣ್ಯ, ಕಾದಂಬರಿಯ ಸೇನೆ. ನಾವು ಪ್ರತಿ ನವೆಂಬರ್‌ನಲ್ಲಿ ಬದುಕಿದ್ದೇವೆ ಅಂತ ಲೈಫ್ ಸರ್ಟಿಫಿಕೇಟ್ ಕೊಡಬೇಕು. ಒಂದು ವರ್ಷ ತಪ್ಪಿಸಿದರೂ ಪೆನ್ಷನ್ ನಿಲ್ಲುತ್ತದೆ. ಮಂಡೆಲ್ಲ ನಮ್ಮಲ್ಲಿ ಇದ್ದಿದ್ದರೆ ಮೊದಲ ಜಂಪ್ ಮುಗಿಯುವಷ್ಟರಲ್ಲಿ ಫೈಲ್ ಕ್ಲೋಸ್.