ಎಲ್ಲರೂ ‘ನಂದು ನಡು ದಾರಿ’ ಅಂದರೆ ಅಳೆಯೋದು ಹೇಗೆ?

ಪ್ರಶ್ನೆ
ರಾಜಕೀಯ ನಿಲುವಿನ ಸಮೀಕ್ಷೆಗೆ 1ರಿಂದ 7ರ ಅಳತೆ ಇಟ್ಟಿದ್ದೇವೆ: 1 ಕಡು ಎಡ, 7 ಕಡು ಬಲ. ಅರ್ಧಕ್ಕಿಂತ ಹೆಚ್ಚು ಜನ 4ಕ್ಕೇ ಗುರುತು ಹಾಕಿದ್ದಾರೆ, ಹಗಲೂ ರಾತ್ರಿ ವಾಟ್ಸಾಪಿನಲ್ಲಿ ಪಕ್ಷದ ಪರ ಜಗಳಕ್ಕಿಳಿಯುವವರೂ ಸೇರಿ. ಸುಳ್ಳು ಹೇಳ್ತಿದ್ದಾರಾ, ಪ್ರಶ್ನೆಯೇ ಸರಿಯಿಲ್ವಾ?

ಉತ್ತರ 1
ಸುಳ್ಳಲ್ಲ. ಒಬ್ಬೊಬ್ಬರ ಗಜಕಡ್ಡಿ ಒಂದೊಂದು ಥರ, ಅಷ್ಟೇ. ರಾಜ್ಯಶಾಸ್ತ್ರಜ್ಞರಾದ ಆಲ್ಡ್ರಿಚ್ ಮತ್ತು ಮೆಕೆಲ್ವಿ 1977ರಲ್ಲೇ ಇದಕ್ಕೊಂದು ದಾರಿ ತೋರಿಸಿದ್ದಾರೆ. ‘ನೀವೆಲ್ಲಿ?’ ಅಂತ ಮಾತ್ರ ಕೇಳಬೇಡಿ. ಪಕ್ಷಗಳನ್ನೂ ಅದೇ ಅಳತೆಯಲ್ಲಿ ಕೂರಿಸಲು ಹೇಳಿ.

ಒಬ್ಬಾತ ತನಗೆ 4, ತನ್ನ ಪಕ್ಷಕ್ಕೆ 4, ಎದುರು ಪಕ್ಷಕ್ಕೆ 1 ಕೊಟ್ಟ ಅನ್ನಿ. ಎಲ್ಲರ ಉತ್ತರ ಸೇರಿಸಿ ಲೆಕ್ಕ ಹಾಕಿದಾಗ ಆ ಪಕ್ಷಗಳು ಬಂದು ನಿಲ್ಲುವುದು 6 ಮತ್ತು 2ರಲ್ಲಿ. ಅಂದರೆ ಅವನ 4 ನಮ್ಮ 6. ತನ್ನವರನ್ನು ನಡುವಿಗೆ ಎಳೆದುಕೊಂಡು, ಎದುರಿನವರನ್ನು ಗೋಡೆಗೆ ಒತ್ತಿದ್ದಾನೆ.

ಕನಿಷ್ಠ ಮೂರು ಪಕ್ಷ ಕೊಡಿ. ಎರಡೇ ಇದ್ದರೆ ಅವನ ಅಂಕಗಳನ್ನು ನಮ್ಮ ಅಳತೆಗೆ ಹೊಂದಿಸುವ ಗೆರೆ ಹೇಗೂ ಸರಿಯಾಗಿ ಕೂರುತ್ತೆ, ತಪ್ಪು ಕಾಣಲ್ಲ. ಪಕ್ಷಗಳನ್ನು ತಲೆಕೆಳಗಾಗಿ ಇಟ್ಟವರನ್ನು ಬೇರೆ ತೆಗೆದಿಡಿ. ಅವರಲ್ಲಿ ಬಹುತೇಕರಿಗೆ ಎಡ-ಬಲ ಅಂದರೇನು ಅಂತಲೇ ಗೊತ್ತಿರಲ್ಲ. ಅಂಕಿಅಂಶದ ಕೆಲಸಕ್ಕೆ ಬಳಸುವ ಆರ್ ತಂತ್ರಾಂಶದ ಬೇಸಿಕ್‌ಸ್ಪೇಸ್ ಪ್ಯಾಕೇಜಿನಲ್ಲಿ ಈ ಇಡೀ ಲೆಕ್ಕಕ್ಕೆ ಫಂಕ್ಷನ್ ಸಿದ್ಧವಿದೆ.

ಉತ್ತರ 2
ಅದಕ್ಕೂ ಮೊದಲು ಆ 4ಗಳ ಒಳಗೆ ಯಾರಿದ್ದಾರೆ ನೋಡಿ. ಅಮೆರಿಕದ ರಾಷ್ಟ್ರೀಯ ಚುನಾವಣಾ ಅಧ್ಯಯನ ಇದೇ 7ರ ಅಳತೆಯ ಜೊತೆ ‘ಇದರ ಬಗ್ಗೆ ಅಷ್ಟಾಗಿ ಯೋಚಿಸಿಲ್ಲ’ ಅನ್ನುವ ಆಯ್ಕೆಯನ್ನೂ ಕೊಡುತ್ತೆ. ಅದಿಲ್ಲದಿದ್ದರೆ ‘ಏನೋಪ್ಪ, ಗೊತ್ತಿಲ್ಲ’ ಅನ್ನುವವರೆಲ್ಲ 4ರಲ್ಲಿ ಬಂದು ಕೂರ್ತಾರೆ.

ಸರಾಸರಿಯನ್ನೂ ನಂಬಬೇಡಿ. ಮದ್ಯ ನಿಷೇಧ, ಮರಣದಂಡನೆ ಅಂತ ಐದು ವಿಷಯಕ್ಕೆ 1, 7, 1, 7, 4 ಕೊಟ್ಟವನ ಸರಾಸರಿ 4. ಐದಕ್ಕೂ 4 ಕೊಟ್ಟವನದೂ 4. ಮೊದಲನೆಯವನು ಸೌಮ್ಯವಾದಿಯೇ ಅಲ್ಲ. ಪ್ರತಿ ಉತ್ತರ 4ರಿಂದ ಎಷ್ಟು ದೂರ ಅಂತ ತೆಗೆದು ಅದರ ಸರಾಸರಿ ಹಾಕಿ: ಅವನಿಗೆ 2.4, ಇವನಿಗೆ 0.

ಪ್ರಶ್ನೆ ಕೇಳಿದವರು
ನಿಲುವನ್ನು ವಿವರಿಸಲು ಹೇಳಿದರೆ ಜನ ಮೆತ್ತಗಾಗ್ತಾರೆ ಅಂತ ಓದಿದ್ದೆ. ಅದನ್ನೂ ಸೇರಿಸಬಹುದಾ?

ಉತ್ತರ 3
ಅದು ಫರ್ನ್‌ಬಾಕ್ ಮತ್ತು ಸಂಗಡಿಗರ 2013ರ ಪ್ರಯೋಗ. ಕಾರಣ ಕೊಡಿ ಅಂತಲ್ಲ, ಆ ನೀತಿ ಹಂತಹಂತವಾಗಿ ಹೇಗೆ ಕೆಲಸ ಮಾಡುತ್ತೆ ಹೇಳಿ ಅಂತ ಕೇಳಿದ್ದು. ಆದರೆ 2021ರಲ್ಲಿ ಪ್ರಕಟವಾದ ಮರುಪ್ರಯೋಗಗಳಲ್ಲಿ ನಿಲುವು ಸಡಿಲವಾಗಲಿಲ್ಲ. ‘ನನಗೆ ಅರ್ಥವಾಗಿದೆ’ ಅನ್ನುವ ಜಂಬ ಇಳೀತು, ಅಷ್ಟೇ. ಸೇರಿಸೋದಾದರೆ ಕೊನೆಗಿಡಿ, ಮೊದಲೇ ಕೇಳಿದರೆ ಮುಂದಿನ ಉತ್ತರಗಳೆಲ್ಲ ಕದಡ್ತವೆ.

ಅದಕ್ಕಿಂತ ಎಲ್ಲರಿಗೂ ಒಂದೇ ಉದಾಹರಣೆ ಕೊಟ್ಟು ಅಂಕ ಹಾಕಿಸಿ, ಯಾರ ಗಜಕಡ್ಡಿ ಹೇಗಿದೆ ಅಂತ ಗೊತ್ತಾಗುತ್ತೆ. ‘ಖಾಸಗಿ ಕಂಪನಿಗಳ ಆಡಳಿತ ಹುದ್ದೆಯಲ್ಲಿ 50%, ಉಳಿದವುಗಳಲ್ಲಿ 70% ಸ್ಥಳೀಯರಿಗೆ: ಇದು ಎಷ್ಟು ತೀವ್ರ?’ ಕರ್ನಾಟಕದ 2024ರ ಮಸೂದೆಯಲ್ಲಿದ್ದದ್ದು ಇದೇ ಅಂತ ಮಾತ್ರ ಬಾಯಿಬಿಡಬೇಡಿ, ಪಕ್ಷ ನೋಡಿ ಅಂಕ ಹಾಕ್ತಾರೆ.

ಉತ್ತರ 1
ಒಳ್ಳೇ ಪ್ರಶ್ನೆ ಅದು. ಐದು ವರ್ಷ ಬಿಟ್ಟು ಮತ್ತೆ ಸಮೀಕ್ಷೆ ಮಾಡುವಾಗಲೂ ಒಂದಕ್ಷರ ತಿದ್ದದೆ ಅದನ್ನೇ ಕೇಳಿ, ಯಾಕಂದರೆ ಆ ‘ನಡು’ವೇ ಜರುಗುತ್ತಿರುತ್ತೆ. ಇಂದಿನ ತೀವ್ರಗಾಮಿಗಳೇ ನಾಳೆಯ ಮಂದಗಾಮಿಗಳು ಅಂತ ತಿಲಕರು ಕಲ್ಕತ್ತದಲ್ಲಿ ಹೇಳಿದ್ದು 1907ರ ಜನವರಿಯಲ್ಲಿ, ಸೂರತ್ತಿನಲ್ಲಿ ಕಾಂಗ್ರೆಸ್ ಒಡೆಯುವ ಮೊದಲೇ.