ಊರಿನ ಅಂಗಳದಲ್ಲಿ ಹಾಡಿನ ಸಿನಿಮಾ: ಹಳೆಯದೋ, ರೀಮೇಕೋ?

ಶಿರಸಿ, ಈಗ ಲೀಡ್ಸ್:
ಈಸ್ಟರ್ ರಜೆಗೆ ಊರಿಗೆ ಹೊರಟಿದ್ದೇವೆ. ನಮ್ಮ ಮಕ್ಕಳಿಗೆ ಆರು, ಹತ್ತು ವರ್ಷ. ಅಲ್ಲಿ ಕನ್ನಡ ಶಾಲೆಗೆ ಹೋಗುವ ಚಿಕ್ಕಪ್ಪನ ಮನೆ ಮಕ್ಕಳೂ ಸೇರುತ್ತಾರೆ. ಎಲ್ಲರನ್ನೂ ಅಂಗಳದಲ್ಲಿ ಕೂರಿಸಿ ಒಂದು ಹಾಡಿನ ಸಿನಿಮಾ ತೋರಿಸುವ ಆಸೆ. ನಮ್ಮವರಿಗೆ ಹಳೆಯದು ಅಂದರೆ ಬೋರು, ಅವರಿಗೆ ಇಂಗ್ಲಿಷ್ ತಲೆಗೆ ಹತ್ತುವುದಿಲ್ಲ. ಎರಡು ಗುಂಪಾಗಿ ಕೂತುಬಿಟ್ಟರೆ ಎಂಬ ಚಿಂತೆ. ಹಳೆಯದು ಹಾಕುವುದೋ, ಹೊಸ ರೀಮೇಕೋ?

ಕುಮಟಾ, ಈಗ ಟೊರೊಂಟೊ:
ಅಕ್ಕಾ, ಹೊಸದು ಚುರುಕು ಎಂಬ ಲೆಕ್ಕವೇ ತಪ್ಪು. 1991ರ ‘ಬ್ಯೂಟಿ ಅಂಡ್ ದ ಬೀಸ್ಟ್’ 84 ನಿಮಿಷ, 2017ರದು 129. ಆ ಮುಕ್ಕಾಲು ಗಂಟೆಯಲ್ಲಿ ಹೊಸ ಹಾಡುಗಳು, ತಾಯಿ ಪ್ಲೇಗಿನಲ್ಲಿ ತೀರಿಕೊಂಡ ಹಿನ್ನೆಲೆ, ಮೇಲಿಂದ ಮಾತು. ಇಂಗ್ಲಿಷ್ ಬಾರದ ಮಕ್ಕಳು ಆಕಳಿಸುವುದು ಅಲ್ಲೇ. ‘ಆನಿ’ಯ 2014ರ ರೀಮೇಕ್ 1933ರ ಕಥೆಯನ್ನು ಈಗಿನ ನ್ಯೂಯಾರ್ಕಿಗೆ ತಂದು, ಸಾಹುಕಾರನನ್ನು ಮೊಬೈಲ್ ಕಂಪನಿ ಮಾಲೀಕನನ್ನಾಗಿ ಮಾಡಿದೆ. ಹತ್ತರ ಮಗುವಿಗೆ ಹಿಡಿಸೀತು. 1982ರದರಲ್ಲಿ ಕೊನೆಗೆ ಹುಡುಗಿಯನ್ನು ಎತ್ತರದ ಸೇತುವೆ ಹತ್ತಿಸಿ ಅಟ್ಟಾಡಿಸುವ ದೃಶ್ಯವಿದೆ, ಸಣ್ಣದು ಹೆದರುತ್ತದೆ.

ನನ್ನ ಆಯ್ಕೆ 1967ರ ‘ಜಂಗಲ್ ಬುಕ್’. 78 ನಿಮಿಷ, ಅಷ್ಟೇ. 2016ರದು 106 ನಿಮಿಷ, ಅದು ಹಾಡಿನ ಸಿನಿಮಾವೂ ಅಲ್ಲ. ಕಥೆಯೊಳಗೆ ಎರಡೇ ಹಾಡು, ಮೂರನೆಯದು ಕೊನೆಯಲ್ಲಿ ಹೆಸರುಗಳು ಓಡುವಾಗ. ಹುಲಿ ಎರಗುವ ದೃಶ್ಯಗಳು ಕತ್ತಲಲ್ಲಿ, ದೊಡ್ಡ ಪರದೆಯಲ್ಲಿ ಆರರ ಮಗುವಿಗೆ ಜಾಸ್ತಿ. ನಿಮ್ಮ ಬ್ರಿಟನ್ನಿನಲ್ಲಿ ಹಳೆಯದಕ್ಕೆ ‘ಯು’ (ಎಲ್ಲರಿಗೂ), ಹೊಸದಕ್ಕೆ ‘ಪಿಜಿ’ (ದೊಡ್ಡವರ ನಿಗಾ ಬೇಕು) ಪ್ರಮಾಣಪತ್ರ ಕೊಟ್ಟದ್ದು ಸುಮ್ಮನೆ ಅಲ್ಲ. ಕರಡಿ, ಕರಿಚಿರತೆ ಅಂದರೆ ದಾಂಡೇಲಿ ಕಾಡಿನ ಕಥೆ ಕೇಳಿ ಬೆಳೆದ ಮಕ್ಕಳಿಗೆ ಯಾರೂ ವಿವರಿಸಬೇಕಿಲ್ಲ. ಮಧ್ಯಾಹ್ನವೇ ಕರಡಿಯ ಹಾಡನ್ನು ಚಿತ್ರವಿಲ್ಲದೆ ಎರಡು ಸಲ ಕೇಳಿಸಿ, ಕಥೆಯನ್ನು ಐದು ನಿಮಿಷದಲ್ಲಿ ಕನ್ನಡದಲ್ಲಿ ಹೇಳಿಬಿಡಿ. ನಡುನಡುವೆ ನಿಲ್ಲಿಸಿ ಅರ್ಥ ಹೇಳಲು ಹೋದರೆ ಕೆಟ್ಟಿತು.

ಹೊನ್ನಾವರ, ಈಗ ನ್ಯೂಜೆರ್ಸಿ:
ಎಂಥದು ಮಾರಾಯ್ರೆ ಇದು! ಅಷ್ಟು ದೂರ ಹಾರಿ ಹೋಗಿ ಅಮೆರಿಕದ ಸಿನಿಮಾ ತೋರಿಸುವುದಾ? ಏಪ್ರಿಲ್‌ನಲ್ಲಿ ಯಕ್ಷಗಾನ ಮೇಳಗಳು ತಿರುಗಾಟದಲ್ಲೇ ಇರುತ್ತವೆ. ಹಾಡು, ಕುಣಿತ, ಮಾತು ಮೂರೂ ಒಂದೇ ರಂಗದಲ್ಲಿ. ಕೆರೆಮನೆ ಮೇಳ 1934ರಿಂದ ಗುಣವಂತೆಯಲ್ಲಿದೆ, ಅದರ ಮುಂದೆ ನಿಮ್ಮ ಕರಡಿ ಯಾವ ಲೆಕ್ಕ? ಹೊಸ ಕಥೆ ಹುಟ್ಟದವರು ತಂಗಳನ್ನಕ್ಕೆ ಒಗ್ಗರಣೆ ಹಾಕುತ್ತಾರೆ, ಅದಕ್ಕೆ ರೀಮೇಕ್ ಅಂತ ಹೆಸರು.

ಸಿದ್ದಾಪುರ, ಈಗ ಸಿಡ್ನಿ:
ಭಾವಾ, ಈಗಿನ ಕಾಲಮಿತಿ ಆಟ ರೀಮೇಕ್ ಅಲ್ಲದೆ ಮತ್ತೇನು? ಇಡೀ ರಾತ್ರಿಯದು ಮೂರು ತಾಸಿಗೆ ಇಳಿಯುವಾಗ ಮೊದಲು ಹೋದದ್ದು ಕಥೆಗೆ ಮುಂಚಿನ ಪೂರ್ವರಂಗ: ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷ. ಆಮೇಲೆ ಒಡ್ಡೋಲಗಕ್ಕೆ, ಅಂದರೆ ಪಾತ್ರಗಳ ಪ್ರವೇಶದ ಕುಣಿತಕ್ಕೆ ಕತ್ತರಿ, ಆಮೇಲೆ ವಿಳಂಬದ ಪದ್ಯಗಳಿಗೆ. ಉಳಿದದ್ದು ಯುದ್ಧ ಮತ್ತು ಚಪ್ಪಾಳೆ ಬೀಳುವ ಪದ್ಯ. ಸಿನಿಮಾದವರು ಹಿಗ್ಗಿಸುತ್ತಾರೆ, ನಾವು ಕುಗ್ಗಿಸುತ್ತೇವೆ.

ಹೊನ್ನಾವರ, ಈಗ ನ್ಯೂಜೆರ್ಸಿ:
ಕುಗ್ಗಿಸಿದರೂ ಭಾಗವತರು ಎದುರಿಗೇ ಕೂತು ಹಾಡುತ್ತಾರೆ. ಕುಣಿಯುವವನಿಗೆ ದಮ್ಮಿದ್ದರೆ ಪದ್ಯ ಇನ್ನೊಂದು ಸುತ್ತು ಬರುತ್ತದೆ. ಆ ಯಂತ್ರ ಕೊಡುತ್ತದಾ ಅದನ್ನು?

ಕಾರವಾರ, ಈಗ ಅಬುಧಾಬಿ:
ನಾಟಕದ ಮಾತು ಬಂತಲ್ಲ, ಟಾಗೋರರು 1883ರಲ್ಲಿ ‘ಪ್ರಕೃತಿರ್ ಪ್ರತಿಶೋಧ’ ಬರೆದದ್ದು ನಮ್ಮ ಕಾರವಾರದಲ್ಲಿ. ಅವರ ಅಣ್ಣ ಅಲ್ಲಿ ಜಡ್ಜರಾಗಿದ್ದರು. ಬೀಚಿಗೆ ಟಾಗೋರರ ಹೆಸರಿಟ್ಟು ಕೈತೊಳೆದುಕೊಂಡೆವು. ಮಕ್ಕಳಿಗೆ ಅದನ್ನೂ ಹೇಳಿ.

ಯಲ್ಲಾಪುರ, ಈಗ ಮ್ಯೂನಿಕ್:
ಪ್ರಶ್ನೆ ಅಂಗಳದ್ದು, ಅದಕ್ಕೆ ಬರುತ್ತೇನೆ. ಏಳೂಕಾಲರ ಮೊದಲು ಶುರು ಮಾಡಬೇಡಿ, ಬೆಳಕಿದ್ದರೆ ಚಿತ್ರ ಬಿಳಚುತ್ತದೆ. 100 ಇಂಚಿನ ಚಿತ್ರದ ಅಗಲ ಸುಮಾರು 2.2 ಮೀಟರ್. ಪ್ರೊಜೆಕ್ಟರಿನ ಥ್ರೋ ಅನುಪಾತ (ಚಿತ್ರದ ಅಗಲದ ಎಷ್ಟು ಪಟ್ಟು ದೂರ ಬೇಕು ಎಂಬುದು) 1.5 ಇದ್ದರೆ ಪರದೆಯಿಂದ 3.3 ಮೀಟರ್ ದೂರ ಇಡಿ. ತೆಳು ಪಂಚೆ ಬೇಡ, ಬೆಳಕು ಹಿಂದಕ್ಕೆ ತೂರಿಹೋಗುತ್ತದೆ. ದಪ್ಪ ಬಿಳಿ ಬೆಡ್‌ಶೀಟಿನ ಮೇಲೂ ಕೆಳಗೂ ಮಡಿಕೆ ಹೊಲಿದು ಒಂದೊಂದು ದಬ್ಬೆ ತೂರಿಸಿ, ಗಾಳಿಗೆ ಉಬ್ಬುವುದಿಲ್ಲ. ಬಾಡಿಗೆಗೆ ತಂದದ್ದು ಬಲ್ಬಿನ ಪ್ರೊಜೆಕ್ಟರ್ ಆದರೆ ಇನ್ವರ್ಟರ್‌ಗೆ ಹಾಕಿ. ಕರೆಂಟು ಹಠಾತ್ ಹೋದಾಗ ಫ್ಯಾನೂ ನಿಂತು, ಕಾದ ಬಲ್ಬಿನ ಆಯುಷ್ಯ ಕಡಿಮೆಯಾಗುತ್ತದೆ. ಎಲ್‌ಇಡಿಯದಕ್ಕೆ ಆ ತಾಪತ್ರಯ ಕಡಿಮೆ.

ಫೋನಿನಿಂದ ಆ್ಯಪ್ ಮಿರರ್ ಮಾಡಿದರೆ ಹಲವು ಸಲ ಸದ್ದು ಬರುತ್ತದೆ, ಪರದೆ ಕಪ್ಪು. ಅದು ನಕಲು ತಡೆಯುವ ಬೀಗ, ನಿಮ್ಮ ವೈರಿನ ದೋಷವಲ್ಲ. ಡಿಸ್ಕ್ ಒಯ್ಯುವುದಾದರೆ ಬ್ರಿಟನ್ನಿನ ಡಿವಿಡಿ ರೀಜನ್ (ಪ್ರದೇಶವಾರು ಬೀಗ) 2, ಭಾರತದ್ದು 5. ಬ್ಲೂ-ರೇ ಬಿ ಮತ್ತು ಸಿ. ಊರಿನ ಪ್ಲೇಯರ್ ಎಲ್ಲ ರೀಜನ್ ಓದುತ್ತದಾ ಅಂತ ಮೊದಲೇ ಕೇಳಿ. ಇನ್ನೊಂದು ತಲೆಹರಟೆ: ಯುರೋಪಿನ ಡಿವಿಡಿಯಲ್ಲಿ ಸೆಕೆಂಡಿಗೆ 24ರ ಬದಲು 25 ಚೌಕಟ್ಟು ಓಡುತ್ತವೆ. ಸರಿಪಡಿಸದ ಡಿಸ್ಕಿನಲ್ಲಿ ಹಾಡಿನ ಶ್ರುತಿ ಮುಕ್ಕಾಲು ಮನೆಯಷ್ಟು (ಒಂದು ಕೀಲಿಯಿಂದ ಪಕ್ಕದ ಕೀಲಿಗೆ ಒಂದು ಮನೆ) ಏರಿರುತ್ತದೆ, ಹಾರ್ಮೋನಿಯಂ ಜೊತೆ ಕೂಡುವುದಿಲ್ಲ. ಬ್ಲೂ-ರೇಯಲ್ಲಿ ಸಾಮಾನ್ಯವಾಗಿ ಈ ತೊಂದರೆ ಇಲ್ಲ.

ಹೊನ್ನಾವರ, ಈಗ ನ್ಯೂಜೆರ್ಸಿ:
ಶ್ರುತಿ ಏರಿದ್ದೂ ಗೊತ್ತಾಗದ ಕಿವಿಗೆ ಚಂಡೆ ಕೇಳಿಸಿ ಅಂತಲೇ ನಾನು ಹೇಳಿದ್ದು.

ಶಿರಸಿ, ಈಗ ಲೀಡ್ಸ್:
ಆಟಕ್ಕೂ ಕರೆದೊಯ್ಯುತ್ತೇವೆ ಭಾವಾ, ಜಗಳ ಬೇಡ. 1967ರದನ್ನೇ ಹಾಕುತ್ತೇನೆ. ಸದ್ದಿಗೆ ಮನೆಯಲ್ಲಿರುವ ಬ್ಲೂಟೂತ್ ಸ್ಪೀಕರ್ ಸಾಕಾ?

ಯಲ್ಲಾಪುರ, ಈಗ ಮ್ಯೂನಿಕ್:
ಸ್ಪೀಕರ್ ಅದೇ ಆಗಲಿ, ಬ್ಲೂಟೂತ್ ಬೇಡ. ಸದ್ದು ಒಂದಿಷ್ಟು ತಡವಾಗಿ ಬಂದು ತುಟಿ ಮುಂದೆ, ಹಾಡು ಹಿಂದೆ ಆಗುತ್ತದೆ. 3.5 ಎಂಎಂ ಪಿನ್ನಿನ ಐದು ಮೀಟರ್ ವೈರ್ ಒಯ್ಯಿರಿ, ಸ್ಪೀಕರನ್ನು ಪರದೆಯ ಬುಡದಲ್ಲಿಡಿ.