ಅಪ್‌ಡೇಟ್: ಹಡಗಿನಲ್ಲೇ ಮುಂದಿನ ಕ್ರೂಸ್ ಬುಕ್ ಮಾಡಿದೆವು, ಕ್ರೆಡಿಟ್ ಸಿಕ್ಕಿತು
ಹಡಗಿನಲ್ಲಿರುವಾಗಲೇ ಮುಂದಿನ ಕ್ರೂಸ್ ಬುಕ್ ಮಾಡಿದರೆ ಆನ್‌ಬೋರ್ಡ್ ಕ್ರೆಡಿಟ್ (ಹಡಗಿನಲ್ಲಿ ಖರ್ಚು ಮಾಡಲು ಕಂಪನಿ ಕೊಡುವ ಮೊತ್ತ) ನಿಜವಾಗ್ಲೂ ಸಿಗುತ್ತಾ ಅಂತ ಕೇಳಿದ್ದೆ, ನೆನಪಿದೆಯಲ್ವಾ? ಸಿಕ್ಕಿತು! ಸಿಯಾಟಲ್‌ನಿಂದ ಅಲಾಸ್ಕಾಗೆ ಹೊರಟ ರಾಯಲ್ ಕೆರಿಬಿಯನ್ ಹಡಗು ನಮ್ಮದು. ಕೊನೆಯ ದಿನ ನೆಕ್ಸ್ಟ್‌ಕ್ರೂಸ್ ಡೆಸ್ಕ್ (ಹಡಗಿನಲ್ಲೇ ಮುಂದಿನ ಕ್ರೂಸ್ ಬುಕ್ ಮಾಡುವ ಕೌಂಟರ್) ಮುಂದೆ ಜಾಸ್ತಿ ಜನ ಇರ್ತಾರೆ ಅಂದಿದ್ದಿರಿ. ಅದಕ್ಕೇ ಅಲಾಸ್ಕಾದ ಜೂನೋ ಊರಿನಲ್ಲಿ ಹಡಗು ನಿಂತು ಎಲ್ಲರೂ ಊರು ನೋಡಲು ಇಳಿದಾಗ ಹೋದೆವು. ಡೆಸ್ಕ್ ಖಾಲಿ. ಅಲ್ಲಿದ್ದವರು ಸ್ಕ್ರೀನನ್ನು ನಮ್ಮ ಕಡೆ ತಿರುಗಿಸಿ, ಪೆನ್ನಿನ ತುದಿಯಿಂದ ಕ್ರೆಡಿಟ್ ಇರುವ ಸಾಲು ತೋರಿಸಿದರು. ಎಷ್ಟು ರಾತ್ರಿ, ಯಾವ ಕ್ಯಾಬಿನ್ ಅನ್ನೋದರ ಮೇಲೆ ಮೊತ್ತ ಬದಲಾಗುತ್ತದೆ. ಒಂದು ಮಾತ್ರ ನಾನು ತಪ್ಪು ತಿಳಿದಿದ್ದೆ: ನಮಗೆ ಕೊಟ್ಟ ಕ್ರೆಡಿಟ್ ಈ ಪ್ರಯಾಣಕ್ಕಲ್ಲ, ಮುಂದಿನದಕ್ಕೆ. ಬುಕಿಂಗನ್ನು ನಮ್ಮ ಟ್ರಾವೆಲ್ ಏಜೆಂಟ್ ಮೂಲಕವೇ ಮುಂದುವರಿಸುತ್ತಿದ್ದೇವೆ. ದಾರಿ ತೋರಿಸಿದ ನಿಮಗೆಲ್ಲ ತುಂಬಾ ಥ್ಯಾಂಕ್ಸ್.